ಗೆಲ್ಲದವಳಿಗೊಂದು ಓಟು

ಬ್ಯಾಡಗಿಯ ಮತಗಟ್ಟೆಯಲ್ಲಿ, ರಟ್ಟಿನ ಮರೆಯ ಹಿಂದೆ ಶ್ರೀದೇವಿ ಅತ್ತೆಯ ತೋರುಬೆರಳು ಹಿಡಿದು ನಿಂತಿದ್ದಳು. ಮಂಗಳವ್ವನಿಗೆ ಕಣ್ಣು ಕಾಣದ್ದರಿಂದ ಮತಯಂತ್ರದವರೆಗೆ ಜೊತೆಗೆ ಹೋಗಲು ಅಧಿಕಾರಿ ಸೊಸೆಯನ್ನು ಬಿಟ್ಟಿದ್ದರು. ಗಂಡ ಪ್ರೇಮಕುಮಾರ ಬೆಳಿಗ್ಗೆಯೇ ದೊಡ್ಡ ಪಕ್ಷದ ಗುರುತು ಹೇಳಿ, "ಇಬ್ಬರೂ ಅದಕ್ಕ ಹಾಕ್ರಿ" ಎಂದು ಕಳಿಸಿದ್ದ. ಶ್ರೀದೇವಿ ಬೆರಳನ್ನು ಮೇಲಿದ್ದ ಆ ಗುಂಡಿಯತ್ತ ಒಯ್ದಳು.

ಮಂಗಳವ್ವ ಕೈ ಬಿಗಿ ಮಾಡಿದಳು. "ದ್ರಾಕ್ಷಾಯಿಣಿ ನರ್ಸಬಾಯಿದು ಎಲ್ಲೈತಿ?"

"ಕೆಳಗೈತ್ರಿ ಅತ್ತೆರ, ಹೊಲಿಗಿ ಮಷೀನು ಗುರುತು. ಆದ್ರ ಆಕಿ ಪಕ್ಷೇತರ, ಗೆಲ್ಲಂಗಿಲ್ಲ. ಓಟು ಹಾಳಾಗ್ತೈತಿ ಅಂದಾರ ನಿಮ್ಮ ಮಗ."

"ಗೆಲ್ಲಂಗಿಲ್ಲ ಅಂತ ನನಗೂ ಗೊತ್ತೈತಿ," ಮುದುಕಿ ಪಿಸುಗುಟ್ಟಿದಳು. "ನಮ್ಮ ಮಧು ಹುಟ್ಟಿದಾಗ ಅಳಲೇ ಇಲ್ಲ. ಕೂಸು ಹೋತು ಅಂತ ಎಲ್ಲಾರೂ ಕೈಬಿಟ್ಟಿವಿ. ಆಕಿ ಒಬ್ಬಾಕಿ ಬಿಡಲಿಲ್ಲ. ಅದು ಅಳೂತನಕ ಬೆನ್ನು ತಿಕ್ಕಿದಳು. ಉಳಿತೈತಿ ಅಂತ ಆಕಿಗೆ ಯಾರರ ಹೇಳಿದ್ರೇನು?"

ಇಂದು ಶಾಲೆಯ ಬಟ್ಟೆ ತೊಟ್ಟು ಓಡಾಡುವ ಮಗಳು ಮಧು ಅಂದು ನೀಲಿಗಟ್ಟಿ ಮಲಗಿದ್ದು ಶ್ರೀದೇವಿಯ ಕಣ್ಣ ಮುಂದೆ ಬಂತು. ಅತ್ತೆಯ ಬೆರಳನ್ನು ಮೆಲ್ಲಗೆ ಕೆಳಗಿಳಿಸಿ, ಹೊಲಿಗೆ ಯಂತ್ರದ ಪಕ್ಕದ ಗುಂಡಿಯ ಮೇಲಿಟ್ಟಳು. ಮಂಗಳವ್ವ ತಾನೇ ಒತ್ತಿದಳು. ಮತಯಂತ್ರ ಉದ್ದಕ್ಕೆ ಕೂಗಿತು.

ಅತ್ತೆಯನ್ನು ಬಾಗಿಲ ಬಳಿ ಬೆಂಚಿನ ಮೇಲೆ ಕೂರಿಸಿ, ತನ್ನ ಓಟು ಹಾಕಲು ಶ್ರೀದೇವಿ ಒಬ್ಬಳೇ ಮರೆಯ ಹಿಂದೆ ಹೋದಳು. ಈ ಸಲ ಅವಳ ಬೆರಳು ಮೇಲಿನ ಗುಂಡಿಯ ಹತ್ತಿರವೂ ಸುಳಿಯಲಿಲ್ಲ.