ಮಂಚದ ಕೆಳಗಿನ ವೂಫರ್

“ಹೆಲಿಕಾಪ್ಟರ್ ಬ್ಯಾಡೋ ತಮ್ಮಾ. ನಮ್ಮ ಮನಿ ಮ್ಯಾಲೆ ಯಾವ ಮಂತ್ರಿ ಇಳಿತಾನ?” ಎಂದು ಅಂಬಾರಾಯ ಕೈ ಬೀಸಿದ.

ಸ್ಪೀಕರ್ ಅಂಗಡಿಯ ಅಕ್ಷಯ ಹೆಲಿಕಾಪ್ಟರಿನ ಸದ್ದನ್ನು ನಿಲ್ಲಿಸಿದ. ಸೊಲ್ಲಾಪುರದವನು, ಮರಾಠಿಯಲ್ಲಿ ಬೈದುಕೊಂಡು ಕನ್ನಡದಲ್ಲಿ ನಗುವ ಕಲೆ ಅವನಿಗೆ ಒಲಿದಿತ್ತು.

ಅಂಗಡಿಯ ಸೋಫಾದಲ್ಲಿ ಕುಳಿತಿದ್ದ ರಂಗೂಬಾಯಿಗೆ ಗಂಡ ಅಂಬಾರಾಯನ ಮೇಲೆ ಗುಮಾನಿ ಹತ್ತಿ ಕೆಲವು ದಿನವಾಗಿತ್ತು. ಸಿನಿಮಾದ ಹೆಸರು ಬೀಳುವ ಮೊದಲೇ ಬಾಯಿ ತೆರೆದು ಮಲಗುವ ಮನುಷ್ಯನಿಗೆ ಹೋಮ್ ಥಿಯೇಟರ್ ಯಾಕೆ? ಅದೂ ಹಾಲಿಗಲ್ಲ, ಬೆಡ್‌ರೂಮಿಗೆ?

ಅವಳ ಚಿಂತೆ ದುಡ್ಡಿನದಲ್ಲ, ಮಧ್ಯಾಹ್ನದ್ದು. ಪುಣೆಯಲ್ಲಿ ಒಂದರಿಂದ ನಾಲ್ಕು ನಿದ್ದೆಯ ಹೊತ್ತು. ಅಂಗಡಿಗಳು ಷಟರ್ ಎಳೆಯುತ್ತವೆ. ಯಮ ಬಂದರೂ ನಾಲ್ಕರ ಮೇಲೆ ಬಾ ಎನ್ನುತ್ತಾರೆ. ಆಳಂದದಿಂದ ಕಟ್ಟಡದ ಕೆಲಸಕ್ಕೆ ಬಂದು, ಕೂಲಿಯಾಳುಗಳ ಮೇಲಿನ ಮುಕಾದಮನಾಗಿ, ಕೊಂಢವಾದಲ್ಲಿ ನೆಲಮಹಡಿಯ ಫ್ಲ್ಯಾಟ್ ಮಾಡಿಕೊಂಡ ಅಂಬಾರಾಯನಿಗೆ ಈ ಊರು ಕಲಿಸಿದ ಒಂದೇ ಶಿಸ್ತು ಅದು. ಉಣ್ಣುವುದು, ಬೆಡ್‌ರೂಮಿನ ಬಾಗಿಲು ಹಾಕಿಕೊಳ್ಳುವುದು, ಗೊರಕೆ. ಎಂಥ ಗೊರಕೆಯೆಂದರೆ, ಕಳೆದ ತಿಂಗಳು ರಂಗೂಬಾಯಿ ಅದನ್ನು ಫೋನಿನಲ್ಲಿ ಹಿಡಿದು, ಬೀಗರೂ ಇರುವ ವಾಟ್ಸಾಪ್ ಗುಂಪಿಗೆ ಹಾಕಿ ಮರ್ಯಾದೆ ತೆಗೆದಿದ್ದಳು.

ಆದರೆ ಆ ಗೊರಕೆಯೇ ಅವಳ ಬಿಡುಗಡೆಯ ಗಂಟೆ. ಅದು ಶುರುವಾದೊಡನೆ ಚಪ್ಪಲಿ ಕೈಯಲ್ಲಿ ಹಿಡಿದು ಹೊರಬೀಳುತ್ತಿದ್ದಳು. ಆ ಹೊತ್ತಿನಲ್ಲಿ ಓಣಿಯಲ್ಲಿ ತೆರೆದಿರುವುದು ಒಂದೇ, ವಿಜಯಪುರದ ಮಾಂತುವಿನ ಹೋಟೆಲು. ಅಲ್ಲಿ ಬಿಸಿ ಜಿಲೇಬಿ.

ಗಂಡ ಹೆಂಡತಿ ಇಬ್ಬರಿಗೂ ಸಕ್ಕರೆ ಕಾಯಿಲೆ. ಡಾಕ್ಟರು ಪಥ್ಯ ಹೇಳಿದಂದಿನಿಂದ ಒಬ್ಬರನ್ನೊಬ್ಬರು ಹೇಗೆ ಕಾಯುತ್ತಿದ್ದರೆಂದರೆ, ಹೆಣವನ್ನೂ ಯಾರೂ ಹಾಗೆ ಕಾಯುವುದಿಲ್ಲ. ಇನ್ನು ಈ ಮುದುಕ ಮಧ್ಯಾಹ್ನವಿಡೀ ಎದ್ದು ಕುಳಿತು ಸಿನಿಮಾ ನೋಡಿದರೆ ಅವಳ ಜಿಲೇಬಿಯ ಗತಿ?

“ಮನ್ಯಾಗ ಮಿಕ್ಸಿ ಕೆಟ್ಟು ಕುಂತದ. ಈ ಮನಶ್ಯಾಗ ಸ್ಪೀಕರ್ ಬೇಕಾಗ್ಯಾವ,” ಎಂದು ಅಕ್ಷಯನ ಮುಂದೆ ದೂರಿದಳು.

“ನಿನ್ನ ಬಾಯಿ ಇರೂತನಾ ಮಿಕ್ಸಿ ಯಾಕ ಬೇಕು?” ಎಂದ ಅಂಬಾರಾಯ.

ಅಕ್ಷಯ ನಡುವೆ ಬಂದ. “ಅಜ್ಜಾರ, ಸರೌಂಡ್ ಅಂದ್ರ ನಾಕೂ ಮೂಲ್ಯಾಗ ಇಡಬೇಕ್ರಿ.”

“ಬ್ಯಾಡ. ಎರಡು ದಿಂಬಿನ ಮಗ್ಗಲಕ, ಎರಡು ಬಾಗಲ ಕಡೆ. ಆ ದಪ್ಪಂದು ಮಂಚದ ಕೆಳಗ.”

“ವೂಫರ್ ಮಂಚದ ಕೆಳಗ? ಆವಾಜ ಗುಂಯ್ ಅಂತದ್ರಿ.”

“ಅನ್ಲಿ. ಅದಕ್ಕ ಇಡೂದು.”

ಆಮೇಲೆ ಅಂಬಾರಾಯ ತನ್ನ ಫೋನನ್ನು ಅಕ್ಷಯನ ಕೈಗಿಟ್ಟು ಕಿವಿಯಲ್ಲಿ ಏನೋ ಹೇಳಿದ. ಹೆಂಡತಿಯನ್ನು ಗಾಜಿನ ಬಾಗಿಲ ಹೊರಗೆ ನಿಲ್ಲಿಸಿದ. “ಅಲ್ಲಿಂದ ಹೆಂಗ ಕೇಳ್ತದ, ಹೇಳು.”

“ಲಾರಿ ಘಾಟ ಹತ್ತಿದಂಗ.”

ಆ ಸೆಟ್ಟನ್ನು ಅವನು ತಳ್ಳಿಹಾಕಿದ. ಇನ್ನೊಂದು ಹಚ್ಚಿಸಿದ.

“ಡಬ್ಬಿಯೊಳಗ ಕಲ್ಲು ಹಾಕಿ ಅಲ್ಲಾಡಿಸಿದಂಗ.”

ಅದೂ ಹೋಯಿತು. ಕೊನೆಗೆ ಹಚ್ಚಿದ್ದು ಮಾತ್ರ ಗಾಜು ದಾಟಿ, ಆಳದಿಂದ, ಏರುತ್ತ ಇಳಿಯುತ್ತ ಬಂತು. ರಂಗೂಬಾಯಿಗೆ ಯಾಕೋ ಆಕಳಿಕೆಯೂ ಬಂತು, ಬಾಯಲ್ಲಿ ನೀರೂ ಬಂತು. “ಇದು ಎಲ್ಲೋ ಕೇಳಿದಂಗ ಅದ. ಸೈಟಿನ ಕಾಂಕ್ರೀಟ್ ಮಿಕ್ಸರ್ ಏನ್ರಿ?”

“ಮಿಕ್ಸರ್ ಅಂತಲೇ ತಿಳಕೋ,” ಎಂದ ಅಂಬಾರಾಯ. ಅಕ್ಷಯ ಗೋಡೆಯ ಕಡೆ ತಿರುಗಿ ಕೆಮ್ಮಿದ. “ಇದೇ ಇರ್ಲಿ. ಕಟ್ಟು.”

ಪಾಪ ಅನಿಸಿತು ಅವಳಿಗೆ. ಕೆಲಸ ಬಿಟ್ಟ ಮುಕಾದಮನಿಗೆ ಸೈಟಿನ ಸದ್ದಿನ ಹಂಬಲ. ಕೆಲವರಿಗೆ ಮುಪ್ಪಿನಲ್ಲಿ ದೇವರು ನೆನಪಾಗುತ್ತಾನೆ, ಇವನಿಗೆ ಸಿಮೆಂಟು.

ಮರುದಿನ ಅಕ್ಷಯ ಬಂದು ಎಲ್ಲ ಜೋಡಿಸಿಕೊಟ್ಟ. ಸ್ಪೀಕರಿನ ವಯರಿಗೆ ದಾರಿ ಮಾಡುತ್ತೇನೆಂದು ಅಂಬಾರಾಯ ಬೆಡ್‌ರೂಮಿನ ಹಿಂಬಾಗಿಲ ತುಕ್ಕು ಹಿಡಿದ ಚಿಲಕಕ್ಕೆ ಎಣ್ಣೆ ಬಿಟ್ಟ. ಊಟವಾಯಿತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ರಂಗೂಬಾಯಿ ಹಾಲಿನಲ್ಲಿ ಉಸಿರು ಬಿಗಿಹಿಡಿದು ಕುಳಿತಳು. ಡೈಲಾಗಿಲ್ಲ, ಹಾಡಿಲ್ಲ, ಗುಂಡಿನ ಸದ್ದಿಲ್ಲ.

ಗೊರಕೆ ಶುರುವಾಯಿತು.

ಶೋಕೇಸಿನ ಗಾಜು ಅದುರಿತು. ಸಿನಿಮಾ ಹಚ್ಚಿಕೊಂಡು ಮಲಗಿದರೆ ಈ ಪ್ರಾಣಿಗೆ ನಿದ್ದೆ ಇನ್ನೂ ಗಟ್ಟಿ ಎಂದುಕೊಂಡು, ಸ್ಪೀಕರಿಗೆ ಮನಸ್ಸಿನಲ್ಲೇ ಕೈಮುಗಿದು, ಖಾತ್ರಿಗೆಂದು ಇವತ್ತೊಂದು ಕಾಲು ಗಂಟೆ ಕಾದು, ಚಪ್ಪಲಿ ಎತ್ತಿಕೊಂಡು ಓಡಿದಳು.

ಮಾಂತು ಬಾಗಿಲಲ್ಲೇ ತಡೆದ. “ಅಕ್ಕಾರ, ಸ್ವಲ್ಪ ತಡೀರಿ, ಎರಡನೇ ಘಾಣ ಈಗರೆ ಎಣ್ಯಾಗ ಹಾಕೀನಿ. ಯಾರೋ ಹೊಸಾ ಗಿರಾಕಿ, ನಿಮ್ಮ ಕಡೆಯವರೇ, ಇದ್ದ ಜಿಲೇಬಿ ಎಲ್ಲಾ ಮುಗಿಸ್ಯಾರ್ರಿ.”

ಮೂಲೆಯ ಮೇಜಿನಿಂದ ಪಾಕ ಮೆತ್ತಿದ ಮೀಸೆಯೊಂದು ಮೆಲ್ಲಗೆ ಇತ್ತ ತಿರುಗಿತು. “ಏ ರಂಗೂ, ನೀ ಇಲ್ಲಿಗೆ ಬಂದ್ರ, ಅಲ್ಲಿ ಮನ್ಯಾಗ ನನ್ನ ಗೊರಕಿ ಯಾರು ಕೇಳಾಕತ್ತಾರ?”