ಅಲ್ಲಾಡದ ಕ್ಯಾಮೆರಾ

"ವಿಡಿಯೊ ಕಾಪಿ ಕೊಡ್ತೀಯೋ, ಇಲ್ಲ ಪೊಲೀಸರನ್ನೇ ಇಲ್ಲಿಗೆ ಕರೆಸಲೋ?"

ಅಕ್ಕ ಬಸ್ ಕಂಡಕ್ಟರ್. ತುಂಬಿದ ಬಸ್ಸಿನ ಕೊನೆಯ ಸೀಟಿಗೂ ಮುಟ್ಟುವ ಗಂಟಲು. ಆ ಪುಟ್ಟ ಎಡಿಟಿಂಗ್ ರೂಮಿಗೆ ಅದು ತೀರಾ ಹೆಚ್ಚಾಯಿತು. ಎಡಿಟರ್ ಎದ್ದು ಬಾಗಿಲು ಹಾಕಿದ.

"ಡೈರೆಕ್ಟರನ್ನ ಒಂದು ಮಾತು ಕೇಳ್ಬೇಕು ಮೇಡಂ."

"ಆಮೇಲೆ ಕೇಳು. ಮೊದಲು ತೋರಿಸು."

ಅವಳ ತಂಗಿ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಹಳೇ ಸುಣ್ಣದ ಗೋದಾಮಿನ ಅಟ್ಟದಲ್ಲಿ ಶೂಟಿಂಗ್ ನಡೆಯುವಾಗ ಹಲಗೆ ಮುರಿದು ಕೆಳಗೆ ಬಿದ್ದಿದ್ದಳು. ಕ್ಯಾಮೆರಾ ಹಿಡಿದಿದ್ದವನು ಅವಳ ಗಂಡನೇ. ಬೀಳುವುದೆಲ್ಲ ವಿಡಿಯೊದಲ್ಲಿ ಬಂದಿದೆ ಎಂದು ಶೂಟಿಂಗಿನವರು ಪಿಸುಗುಟ್ಟಿದ್ದು ಅಕ್ಕನ ಕಿವಿಗೆ ಬಿದ್ದಿತ್ತು. ಅಂದರೆ ಹೆಂಡತಿ ಬೀಳುವಾಗಲೂ ಅವನು ಶೂಟ್ ಮಾಡುತ್ತಲೇ ಇದ್ದ. ಉರಿಯುವ ಮನೆಯಲ್ಲಿ ಗಳ ಹಿರಿಯುವವನು. ಸಾಲದ್ದಕ್ಕೆ, ಅವಳು ಐಸಿಯುನಲ್ಲಿದ್ದರೆ ಇವನು ಮುಖ ತೊಳೆದು, ಬೇರೆ ಅಂಗಿ ತೊಟ್ಟು ಬಂದಿದ್ದ. ಏನಾಯಿತೆಂದು ಕೇಳಿದರೆ "ನಾನು ತಡ ಮಾಡಿಬಿಟ್ಟೆ" ಎಂಬ ಒಂದೇ ಮಾತು. ಅಕ್ಕ ಅವನನ್ನು ಹೆಂಡತಿಯ ಹತ್ತಿರಕ್ಕೂ ಬಿಡಲಿಲ್ಲ. ಇವತ್ತು ಈ ವಿಡಿಯೊ ಠಾಣೆ ಸೇರಿದರೆ ಅವನು ಜೈಲಿಗೆ ಹೋಗುತ್ತಾನೆ. ಹೋಗಲಿ.

ಎಡಿಟರ್ ವಿಡಿಯೊ ಹಾಕಿದ. "ನಾನೂ ಒಂದೇ ಸಲ ನೋಡಿದ್ದು. ಮತ್ತೆ ನೋಡೋ ಧೈರ್ಯ ಆಗ್ಲಿಲ್ಲ."

ತೆರೆ ಕುಲುಕಾಡಿತು. ಕತ್ತಲೆ, ಟಾರ್ಚಿನ ಬೆಳಕು, ಮುಂದೆ ನಡೆಯುತ್ತಿರುವ ತಂಗಿಯ ಬೆನ್ನು. ಅಕ್ಕನಿಗೆ ತಲೆ ಸುತ್ತಿತು. ಸತ್ತವರ ಕ್ಯಾಮೆರಾದಲ್ಲಿ ಸಿಕ್ಕಿದ ವಿಡಿಯೊ ಎಂದು ನಂಬಿಸುವ ಜಪಾನಿನ ದೆವ್ವದ ಸಿನಿಮಾಗಳನ್ನು ತಂಗಿ ಊಟ ನಿದ್ದೆ ಬಿಟ್ಟು ನೋಡುತ್ತಿದ್ದಳು. ಕೊನೆಗೆ ಗಂಡನನ್ನೂ ಎಳೆದುಕೊಂಡು ಅಂಥದ್ದೇ ಒಂದರಲ್ಲಿ ನಟಿಸಲು ಹೋದಳು.

"ಏನಿದೆ ಅಂತ ಇದಕ್ಕೆ ಸಾಯ್ತಾರೆ?"

"ಜಪಾನಿನವರು ಡಬ್ಬ ಬಡಿದು ಹೆದರಿಸಲ್ಲ ಮೇಡಂ. ಖಾಲಿ ಕೋಣೆ ತೋರಿಸ್ತಾ ಸುಮ್ನೆ ಕೂರ್ತಾರೆ. ದೆವ್ವ ಯಾವುದೋ ಮೂಲೇಲಿರುತ್ತೆ, ಯಾರೂ ಬೊಟ್ಟು ಮಾಡಲ್ಲ. ಕಂಡೋರಿಗೆ ಮಾತ್ರ ನಡುಕ. ಕೆಲವರು ಅದನ್ನೂ ಕೆಡಿಸ್ತಾರೆ ಬಿಡಿ. ದೃಶ್ಯ ನಿಧಾನ ಮಾಡಿ, ದೆವ್ವದ ಸುತ್ತ ಗೆರೆ ಎಳೆದು, ಇನ್ನೊಂದ್ಸಲ ನೋಡಿ ಅಂತಾರೆ. ಅಲ್ಲಿಗೆ ಭಯ ಠುಸ್."

"ಪ್ರಾಣ ಹೋಗ್ತಿದ್ರೂ ಕ್ಯಾಮೆರಾ ಕೆಳಗಿಡಲ್ವಲ್ಲ, ಅದು?"

"ಅದೇ ದೊಡ್ಡ ಹುಳುಕು. ಇಟ್ಟರೆ ಸಿನಿಮಾನೇ ಮುಗೀತು. ಹಂಗಾಗಿ ನೋಡೋರೂ ಒಪ್ಕೊಂಡುಬಿಡ್ತಾರೆ."

"ನಾನು ಒಪ್ಪಲ್ಲ."

ಹಲಗೆ ಮುರಿಯಿತು. ಸುಣ್ಣದ ಧೂಳೆದ್ದು ತೆರೆ ಬೆಳ್ಳಗಾಯಿತು. ಧೂಳು ಇಳಿದಾಗ ತಂಗಿ ಎದೆಮಟ್ಟ ಕುಸಿದು, ಅಂಚು ತಬ್ಬಿಕೊಂಡು ಕಿರುಚುತ್ತಿದ್ದಳು. ಕ್ಯಾಮೆರಾ ಅವಳನ್ನೇ ನೋಡುತ್ತಿತ್ತು. ಅವಳು ಗಂಡನ ಹೆಸರು ಹಿಡಿದು ಕೂಗಿದಳು. ಚಿತ್ರ ಒಮ್ಮೆ ವಾಲಿ, ಕೆಳಗಿಳಿದು, ಗಟ್ಟಿಯಾಗಿ ನಿಂತಿತು. ಆಮೇಲೆ ಅಲ್ಲಾಡಲಿಲ್ಲ.

"ನೋಡು, ಚೆನ್ನಾಗಿ ಬರ್ಲಿ ಅಂತ ಮಂಡಿ ಊರಿದ. ಕಟ್ಕೊಂಡೋಳು ಸಾಯ್ತಿದಾಳೆ, ಪಾಪಿಯ ಕೈ ಒಂಚೂರೂ ನಡುಗ್ತಿಲ್ಲ."

ಆಗ ತೆರೆಯ ಅಂಚಿನಿಂದ ಬಿಳಿಯ ಆಕೃತಿಯೊಂದು ತೆವಳುತ್ತ ಬಂತು. ತಲೆಯಿಂದ ಕಾಲಿನವರೆಗೆ ಸುಣ್ಣ. ಮುಖದ ಗುರುತೇ ಇಲ್ಲ. ಹೊಟ್ಟೆಯ ಮೇಲೆ ಮಲಗಿ ತಂಗಿಯ ಎರಡೂ ಕೈ ಹಿಡಿಯಿತು.

"ದೆವ್ವದ ಪಾತ್ರದವನು," ಎಂದ ಎಡಿಟರ್, ದನಿ ತಗ್ಗಿಸಿ.

ಆಕೃತಿ ಜಗ್ಗಿ ಎಳೆಯುತ್ತಿತ್ತು. ಅದರ ಕೆಳಗಿನ ಹಲಗೆಯೂ ಬಾಗುತ್ತಿತ್ತು. ಆದರೂ ಬಿಡಲಿಲ್ಲ. ತಂಗಿಯ ಕೈ ಜಾರಿಹೋದ ಮೇಲೂ ತೋಳನ್ನು ಮುರಿದ ಹಲಗೆಯ ಸಂದಿಗೆ ಚಾಚಿಕೊಂಡೇ ಬಿದ್ದಿತ್ತು.

"ಹಿಂದಕ್ಕೆ ಹೋಗು. ಆ ಕೈ ಹಿಡಿದಿದಾನಲ್ಲ, ಅಲ್ಲಿ ನಿಲ್ಲಿಸು."

ಚಿತ್ರ ನಿಂತಿತು. ಅಕ್ಕನ ಕಣ್ಣು ತುಂಬಿತು. ಸಿಟ್ಟು ಇಮ್ಮಡಿಯಾಯಿತು.

"ಯಾರು ಹೆತ್ತ ಮಗನೋ. ಇವನಿಗಿರೋ ಕರುಳು ಕಟ್ಕೊಂಡೋನಿಗಿಲ್ಲ. ಇವನೇ ನನಗೆ ಸಾಕ್ಷಿ. ಗಂಡ ಅನ್ನೋನು ಏನ್ ಮಾಡ್ತಾ ನಿಂತಿದ್ದ ಅಂತ ಇವನೇ ಪೊಲೀಸರಿಗೆ ಹೇಳ್ಲಿ. ಕಾಲಿಗೆ ಬಿದ್ದಾದ್ರೂ ಕರ್ಕೊಂಡು ಹೋಗ್ತೀನಿ. ಎಲ್ಲಿದಾನೆ?"

ಎಡಿಟರ್ ಡೈರೆಕ್ಟರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ.

"ಸರ್, ದೆವ್ವದ ಪಾತ್ರ ಮಾಡಿದೋನ ನಂಬರ್ ಬೇಕಿತ್ತು. ಅಟ್ಟದ ಮೇಲಿದ್ದನಲ್ಲ, ಅವನದು."

"ಅವನೆಲ್ಲಿ ಅಟ್ಟ ಹತ್ತಿದ ಮಾರಾಯ? ಜ್ವರ ಅಂತ ಅವತ್ತು ಮನೇಲೇ ಮಲಗಿದ್ದ. ನಾವೆಲ್ಲ ಹೊರಗೆ ರಸ್ತೇಲಿದ್ವಿ. ಮೇಲಿದ್ದಿದ್ದು ಗಂಡ ಹೆಂಡತಿ ಇಬ್ಬರೇ."

ತೆರೆಯ ಮೇಲೆ ಆ ಇಬ್ಬರೂ ಇದ್ದರು. ಕ್ಯಾಮೆರಾ ಯಾರ ಕೈಯಲ್ಲೂ ಇರಲಿಲ್ಲ.