ಹುಳುಗಳು ಜ್ವರಕ್ಕೆ ಕೂತ ದಿನ

ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಬಂದರೆ ಈಗಲೂ ನನ್ನ ಕೈ ಪುಸ್ತಕ ಹುಡುಕುತ್ತದೆ.

ಹೈಸ್ಕೂಲಿನ ಮೊದಲ ಪರೀಕ್ಷೆಯಲ್ಲೇ ಲೆಕ್ಕದಲ್ಲಿ ಫೇಲಾಗಿದ್ದೆ. ಮತ್ತೆ ಫೇಲಾದರೆ ಶಾಲೆ ಬಿಡಿಸುತ್ತೇನೆ ಎಂದಿದ್ದರು ಅಪ್ಪ. ಅಕ್ಷರ ಬಾರದ ಅಜ್ಜಿ ಒಂದು ಕಟ್ಟಳೆ ಮಾಡಿದಳು: ಅವಳು ರೇಷ್ಮೆಹುಳುಗಳಿಗೆ ಸೊಪ್ಪು ಹಾಕುವಾಗಲೆಲ್ಲ ನಾನು ಹುಳುಗಳ ಬಿದಿರು ತಟ್ಟೆಯ ಪಕ್ಕ ಚಾಪೆ ಹಾಸಿ ಕೂತು ಲೆಕ್ಕ ಮಾಡಬೇಕು.

ಒಂದು ದಿನ ಹುಳುಗಳು ಜ್ವರಕ್ಕೆ ಕೂತವು. ಪೊರೆ ಬಿಡುವ ಆ ಹೊತ್ತಿನಲ್ಲಿ ಅವು ಸೊಪ್ಪು ಮುಟ್ಟುವುದಿಲ್ಲ.

"ಹುಳ ತಿನ್ನಲ್ಲ, ನೀನು ಸೊಪ್ಪು ಹಾಕಲ್ಲ. ಅಂದ್ಮೇಲೆ ನಂಗೂ ರಜ ತಾನೇ?" ಎಂದು ವಾದ ಹೂಡಿದೆ.

"ಗೆದ್ದೆ ಕಣವ್ವ ಲಾಯರಮ್ಮ. ಓಗು, ಆಡ್ಕೋ," ಎಂದು ಅಜ್ಜಿ ನಕ್ಕಳು.

ಮಧ್ಯಾಹ್ನ ಕುಂಟೆಬಿಲ್ಲೆ ಬಿಟ್ಟು ನೀರು ಕುಡಿಯಲು ಒಳಬಂದೆ. ಅಜ್ಜಿ ಬರಿಗೈಯಲ್ಲಿ ತಟ್ಟೆಯ ಪಕ್ಕ ಕೂತಿದ್ದಳು. ಎದುರಿಗೆ ನನ್ನ ಚಾಪೆ ಹಾಸಿತ್ತು.

"ಸೊಪ್ಪೇ ಇಲ್ವಲ್ಲ, ಯಾಕೆ ಕುಂತಿದ್ದೀ?"

"ಸೊಪ್ಪು ಆಕೋ ಒತ್ತಾಯ್ತಲ್ಲ ಕಣವ್ವ."

ಲೆಕ್ಕದ ಪುಸ್ತಕ ತಂದು ಚಾಪೆಯ ಮೇಲೆ ಕೂತೆ.